ಅರಸನ ಮುಂದೆ ನೆಹೆಮೀಯ ಕೇಳಿದ್ದು

ಪ್ರಿಯ ಸಹೋದರ ಸಹೋದರಿಯರೇ,

ಬ್ಯಾಂಕೊಂದರ ಸಾಲ ವಿಭಾಗದಲ್ಲಿ ನಾನು 26 ವರ್ಷ ಕೆಲಸ ಮಾಡಿದೆ. ಮೇಜಿನ ಆಚೆ ಕೂತವರು ಕೇಳುತ್ತಿದ್ದರು. ಈಚೆ ಕೂತ ನಾನು ಕೊಡಬಹುದೇ ಎಂದು ನೋಡಬೇಕಿತ್ತು. ಹಾಗೆ ಹಣ ಕೇಳುವುದಕ್ಕೆ ಈಗ ನೀವು ಪಿಚ್ ಅನ್ನುತ್ತೀರಿ. ಹೊಸದಾಗಿ ಉದ್ಯಮಕ್ಕೆ ಇಳಿಯುತ್ತಿರುವ ಕ್ರೈಸ್ತ ತರುಣ ತರುಣಿಯರು ಬಂಡವಾಳ ಕೇಳಲು ಹೇಗೆ ತಯಾರಾಗಬೇಕು ಎಂದು ಮಾತಾಡಲು ಕರೆದಿದ್ದೀರಿ. ನಾನು ಸತ್ಯವೇದದ ಒಂದೇ ಒಂದು ಭಾಗವನ್ನು ಹಿಡಿದುಕೊಂಡು ಬಂದಿದ್ದೇನೆ: ನೆಹೆಮೀಯನ ಪುಸ್ತಕದ ಎರಡನೆಯ ಅಧ್ಯಾಯದ ಮೊದಲ ಎಂಟು ವಚನಗಳು.

ಕ್ರಿಸ್ತಪೂರ್ವ 445ರ ಸುಮಾರು. ಶೂಷನ್ ಅರಮನೆಯಲ್ಲಿ ಯೆಹೂದ್ಯನಾದ ನೆಹೆಮೀಯ ಪಾರಸಿಯ ಅರಸ ಅರ್ತಷಸ್ತನ ಪಾನದಾಯಕ. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟಿವೆ ಎಂಬ ಸುದ್ದಿ ಕಿಸ್ಲೇವ್ ತಿಂಗಳಲ್ಲಿ ಅವನಿಗೆ ಮುಟ್ಟುತ್ತದೆ. ಅರಸನ ಮುಂದೆ ಅವನು ಬಾಯಿ ತೆರೆಯುವುದು ನೀಸಾನ್ ತಿಂಗಳಲ್ಲಿ. ನಡುವೆ ನಾಲ್ಕು ತಿಂಗಳು. ಅರಸನ ಕೈಗೆ ದಿನವೂ ಪಾತ್ರೆ ಕೊಡುವವನು ಆ ದಿನವೇ ಕೇಳಬಹುದಿತ್ತಲ್ಲ? ಅವನು ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಲೆಕ್ಕವನ್ನೂ ಹಾಕಿದ್ದಿರಬೇಕು, ಯಾಕೆಂದರೆ ಅರಸ ‘ನಿನಗೆ ಏನು ಬೇಕು’ ಎಂದು ಕೇಳಿದಾಗ ಅವನ ಉತ್ತರದಲ್ಲಿ ಎಲ್ಲಿಯೂ ತಡವರಿಕೆ ಇಲ್ಲ.

ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ‘ಪರಲೋಕದ ದೇವರಿಗೆ ಪ್ರಾರ್ಥಿಸಿದೆ’ ಎಂದು ಅವನೇ ಬರೆದಿದ್ದಾನೆ. ಒಂದು ಉಸಿರಿನಷ್ಟು ಹೊತ್ತು ಸಿಕ್ಕಿರಬಹುದು. ಅದು ಸಾಕಾಗಿದ್ದು ಹಿಂದೆ ನಾಲ್ಕು ತಿಂಗಳ ಪ್ರಾರ್ಥನೆ ಇದ್ದುದರಿಂದ.

ಅವನು ಕೇಳುತ್ತಿದ್ದ ಸಂಗತಿಯ ಭಾರವನ್ನೂ ತಿಳಿಯಬೇಕು. ಎಜ್ರನ ಪುಸ್ತಕದ ನಾಲ್ಕನೆಯ ಅಧ್ಯಾಯ ನೋಡಿ. ಆ ಪಟ್ಟಣದ ಗೋಡೆ ಎದ್ದರೆ ಅಲ್ಲಿಯವರು ಕಪ್ಪ ಕೊಡುವುದನ್ನು ನಿಲ್ಲಿಸುತ್ತಾರೆ ಎಂದು ವಿರೋಧಿಗಳು ಅರ್ತಷಸ್ತನಿಗೆ ಪತ್ರ ಬರೆದಿದ್ದರು. ಅವನು ಕಟ್ಟಡದ ಕೆಲಸ ನಿಲ್ಲಿಸಲು ಆಜ್ಞೆ ಹೊರಡಿಸಿದ್ದ. ಈಗ ಅದೇ ಅರಸನ ಮುಂದೆ, ಅದೇ ಗೋಡೆಗಾಗಿ ಕೇಳಬೇಕು. ‘ಬಹಳ ಭಯಪಟ್ಟೆ’ ಎಂದು ನೆಹೆಮೀಯ ಹೇಳುವುದು ಇದಕ್ಕೇ ಇರಬೇಕು.

ಅವನು ಮಾತು ಶುರುಮಾಡಿದ ಬಗೆ ನನ್ನ ಮನಸ್ಸಿನಲ್ಲಿ ನಿಂತಿದೆ. ನನ್ನ ಪಿತೃಗಳ ಸಮಾಧಿಗಳಿರುವ ಪಟ್ಟಣ ಹಾಳಾಗಿದೆ, ನನ್ನ ಮುಖ ಬಾಡದೆ ಇರುವುದು ಹೇಗೆ ಎಂದ. ಯೆರೂಸಲೇಮ್ ಎಂಬ ಹೆಸರೇ ಆ ಮಾತಿನಲ್ಲಿ ಇಲ್ಲ. ಹಿರಿಯರ ಸಮಾಧಿಯ ಗೌರವ ಪಾರಸಿಯ ಅರಸನಿಗೂ ತಿಳಿದದ್ದು. ಕೇಳಿಸಿಕೊಳ್ಳುವವನ ಮನಸ್ಸು ಎಲ್ಲಿದೆಯೋ ಅಲ್ಲಿಂದ ನೆಹೆಮೀಯ ಹೊರಟ.

ಇದು ಜಾಣತನದ ಮರೆಮಾಚುವಿಕೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕು, ನಮ್ಮ ವಿಷಯದ ಗಂಟು ಇರುವುದೇ ಅಲ್ಲಿ. ಮುಂದೆ ಓದಿ. ‘ಯೆಹೂದಕ್ಕೆ ಕಳುಹಿಸು, ಅದನ್ನು ಕಟ್ಟುತ್ತೇನೆ’ ಎನ್ನುತ್ತಾನೆ. ಅರಸನ ಅರಣ್ಯದಿಂದ ಮರವನ್ನೂ ಕೇಳುತ್ತಾನೆ. ಮರ ಯಾವುದಕ್ಕೆ? ಕೋಟೆಯ ಬಾಗಿಲುಗಳಿಗೆ, ಪಟ್ಟಣದ ಗೋಡೆಗೆ ಎನ್ನುತ್ತಾನೆ. ಅರಸ ಯಾವುದಕ್ಕೆ ಹೆದರಿದ್ದನೋ ಆ ಗೋಡೆಯನ್ನು ಅವನ ಎದುರಿಗೇ ಹೆಸರಿಟ್ಟು ಕರೆದ. ಮಾತನ್ನು ಮೃದುವಾಗಿ ಆರಂಭಿಸಬಹುದು. ಆದರೆ ಹಣ ಕೊಡುವವನು ಯಾವ ಅಪಾಯಕ್ಕೆ ಕೈ ಹಾಕುತ್ತಿದ್ದಾನೆ ಎಂಬುದು ಅವನು ಒಪ್ಪಿಕೊಳ್ಳುವ ಮೊದಲೇ ಅವನ ಕಿವಿಗೆ ಬಿದ್ದಿರಬೇಕು. ಕ್ರೈಸ್ತನ ಪಿಚ್‌ಗೆ ನಾನು ಹಾಕುವ ಗೆರೆ ಇದೊಂದೇ.

ಎಷ್ಟು ದಿನ ಬೇಕು, ಯಾವಾಗ ಹಿಂದಿರುಗುತ್ತೀ ಎಂದು ಅರಸ ಕೇಳುತ್ತಾನೆ. ನೆಹೆಮೀಯ ಕಾಲವನ್ನು ಗೊತ್ತುಮಾಡಿ ಹೇಳುತ್ತಾನೆ. ದಾರಿಯ ಅಧಿಪತಿಗಳಿಗೆ ಪತ್ರ ಬೇಡುತ್ತಾನೆ. ಅರಸನ ಅರಣ್ಯವನ್ನು ಕಾಯುವವನ ಹೆಸರು ಆಸಾಫ ಎಂಬುದು ಕೂಡ ಅವನಿಗೆ ಗೊತ್ತು. ನಿಮ್ಮಲ್ಲಿ ಎಷ್ಟು ಜನರಿಗೆ ನಿಮ್ಮ ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆಂದು ಗೊತ್ತು? ಹೊಸ ಉದ್ಯಮಕ್ಕೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ ಅಲ್ಪಸಂಖ್ಯಾತರು ಯೋಜನಾ ವೆಚ್ಚದ ಶೇಕಡಾ 5ರಷ್ಟನ್ನು ಸ್ವಂತ ಪಾಲಾಗಿ ಹಾಕಿದರೆ ಸಾಕು ಎಂಬುದನ್ನೂ ತಿಳಿಯದೆ ಬಂದ ನಮ್ಮ ಹುಡುಗರನ್ನು ನಾನು ನೋಡಿದ್ದೇನೆ. ಪ್ರಾರ್ಥನೆ ಇಂಥ ಓದಿನ ಬದಲಿಗೆ ಬರುವುದಲ್ಲ.

ಆ ಮರದ ಪಟ್ಟಿಯಲ್ಲಿ ಮೂರನೆಯದೊಂದು ಇದೆ, ನಾವು ಓದುವಾಗ ದಾಟಿಹೋಗುತ್ತೇವೆ. ಬಾಗಿಲಿಗೆ, ಗೋಡೆಗೆ, ‘ನಾನು ವಾಸಿಸುವ ಮನೆಗೆ’. ತನ್ನ ಮನೆಯ ತೊಲೆಗೂ ಅವನು ಅರಸನ ಬಳಿಯೇ, ಬಹಿರಂಗವಾಗಿ ಮರ ಕೇಳಿದ. ನನ್ನ ಮೇಜಿಗೆ ಬಂದ ಎಷ್ಟೋ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಮಾಲೀಕನ ಸಂಬಳದ ಸಾಲೇ ಇರುತ್ತಿರಲಿಲ್ಲ. ಮನೆಖರ್ಚು ಹೇಗೆ ಎಂದರೆ ‘ದೇವರು ನಡೆಸುತ್ತಾನೆ ಸರ್’. ಆ ಖರ್ಚು ಯಂತ್ರದ ಕೊಟೇಶನ್‌ನಲ್ಲಿ ಅಡಗಿ ಕೂತಿರುತ್ತಿತ್ತು. ಮೊದಲ ಪುಟದಲ್ಲಿ ಕೀರ್ತನೆಯ ವಚನ, ನಾಲ್ಕನೆಯ ಪುಟದಲ್ಲಿ ಉಬ್ಬಿಸಿದ ಬೆಲೆ. ಅಂಥದ್ದನ್ನು ಓದುವಾಗ ನನಗೆ ನೋವಾಗುತ್ತಿತ್ತು. ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಎಂದು ಜ್ಞಾನೋಕ್ತಿಗಳಲ್ಲಿ ಓದಿ ಬೆಳೆದವರು ನಾವು. ನೆಹೆಮೀಯ ಬೇಕಾದದ್ದನ್ನು ಮೊದಲೇ ಕೇಳಿ ಪಡೆದ. ಮುಂದೆ 12 ವರ್ಷ ಅಧಿಪತಿಯಾಗಿದ್ದರೂ ಜನರ ಮೇಲೆ ಭಾರವಾಗುವ ಆ ಹುದ್ದೆಯ ಊಟದ ಭತ್ಯವನ್ನು ಮುಟ್ಟಲಿಲ್ಲ. ಗೋಡೆ 52 ದಿನಗಳಲ್ಲಿ ಎದ್ದಿತು.

ನನ್ನ ಮೇಜಿನ ಎದುರು ನಾನು ಕೇಳಿದ ಅತಿ ಒಳ್ಳೆಯ ಪಿಚ್ ಹಲಸಿನ ಹಪ್ಪಳ ಮಾಡುತ್ತಿದ್ದ ಒಬ್ಬ ತಾಯಿಯದು. ಡ್ರೈಯರ್ ಕೊಳ್ಳಲು ಸಾಲ ಬೇಕಿತ್ತು. ಮೇ ತಿಂಗಳಲ್ಲೇ ಮಳೆ ಹನಿದರೆ ಚಾಪೆಯ ಮೇಲೆ ಹರಡಿದ್ದೆಲ್ಲ ಬೂಸಲು ಹಿಡಿಯುತ್ತದೆ ಎಂದರು. ಎಷ್ಟು ಹಾಳಾಯಿತೆಂದು ಎರಡು ವರ್ಷ ಡೈರಿಯಲ್ಲಿ ಬರೆದಿಟ್ಟಿದ್ದರು. ಆಮೇಲೆ ನಾನು ಕೇಳದೆಯೇ ಹೇಳಿದರು: ‘ಸರ್, ಮಾರ್ಚಿನಿಂದ ಮೇವರೆಗೆ ನನ್ನ ಹತ್ತಿರ ಕಂತಿಗೆ ದುಡ್ಡಿರುವುದಿಲ್ಲ, ಎಲ್ಲ ಹಲಸಿಗೂ ಕೂಲಿಗೂ ಹೋಗಿರುತ್ತದೆ. ಹಪ್ಪಳ ಖರ್ಚಾಗುವುದು ಮಳೆ ಹಿಡಿದ ಮೇಲೆ. ಜುಲೈ-ಆಗಸ್ಟಿನ ಆಟಿ ತಿಂಗಳಿಂದ ಜಾಸ್ತಿ ಜಾಸ್ತಿ ಕಟ್ಟುತ್ತೇನೆ, ಆಗಬಹುದಾ?’ ತಮ್ಮ ಕಷ್ಟದ ತಿಂಗಳುಗಳನ್ನು ಸಾಲ ಸಿಗುವ ಮೊದಲೇ ತೋರಿಸಿದ ಅವರ ಮಾತನ್ನು ನಂಬದಿರಲು ನನಗೆ ಕಾರಣವೇ ಇರಲಿಲ್ಲ. ಕಂತನ್ನು ಹಾಗೆಯೇ ಹೊಂದಿಸಿದೆವು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚನ್ನು ಲೆಕ್ಕಹಾಕಬೇಕು ಎಂದು ಯೇಸುಸ್ವಾಮಿ ಲೂಕನ 14ನೆಯ ಅಧ್ಯಾಯದಲ್ಲಿ ಹೇಳುವುದು ಶಿಷ್ಯತ್ವದ ಕುರಿತು. ಆ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಡೈರಿ.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಆರಾಧನೆ ಮುಗಿದು ಹೊರಬರುವಾಗ ಅಂಗಳದಲ್ಲಿ ಬಂಡವಾಳ ಕೇಳಬೇಡಿ. ‘ನಾವೆಲ್ಲ ಒಂದೇ ಸಭೆಯವರು’ ಎಂಬ ಮಾತು ಜಾಮೀನಲ್ಲ. ಅಲ್ಲಿ ಕೇಳಿಸಿಕೊಂಡ ವಿಧವೆಗೆ, ನಿವೃತ್ತ ಮೇಷ್ಟ್ರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಭಾನುವಾರ ಮತ್ತೆ ನಿಮ್ಮ ಪಕ್ಕದ ಬೆಂಚಿನಲ್ಲೇ ಕೂರಬೇಕಲ್ಲ. ಪೌಲನು ಫಿಲೆಮೋನನಿಗೆ ಬರೆದ ಪತ್ರದಲ್ಲಿ ಆಜ್ಞಾಪಿಸುವ ಅಧಿಕಾರ ತನಗಿದ್ದರೂ, ನಿನ್ನ ಒಪ್ಪಿಗೆ ಇಲ್ಲದೆ ಏನನ್ನೂ ಮಾಡಲು ಮನಸ್ಸಿಲ್ಲ ಎನ್ನುತ್ತಾನೆ. ಫಿಲೆಮೋನನ ದಾಸ ಒನೇಸಿಮ ಬಾಕಿ ಇಟ್ಟಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಎದುರಿನವರು ಇಲ್ಲ ಎಂದರೂ ಸಂಬಂಧ ಕೆಡದಂಥ ಜಾಗದಲ್ಲಿ, ಕಾಗದದ ಮೇಲೆ ಕೇಳಿ.

ಹೀಗೆ ಹೆಸರು ಹಾಕಿ ಹೊಣೆ ಹೊರುವುದಕ್ಕೆ ನಮ್ಮ ಮಂಗಳೂರಿನಲ್ಲೇ ಒಂದು ಗುರುತು ಉಳಿದಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಇಲ್ಲಿಗೆ ಬಂದರು. ಕ್ರೈಸ್ತರಾದವರಿಗೆ ಕುಟುಂಬವೂ ಕಸುಬೂ ತಪ್ಪಿಹೋದಾಗ ಅವರಿಗೆ ದುಡಿಮೆ ಒದಗಿಸಲು ನೇಯ್ಗೆ, ಮುದ್ರಣ, ಆಮೇಲೆ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ಕೈಯಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಶುರುವಾದವು. ಹಳೆಯ ಮನೆ ಕೆಡವುವಾಗ ಆ ಹೆಂಚು ಸಿಕ್ಕಿದರೆ ಹಿಂಬದಿಯನ್ನು ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮಳೆಗೆ ಸೋರಿದರೆ ಯಾರನ್ನು ಕೇಳಬೇಕು ಎಂದು ಕೊಂಡವನಿಗೆ ತಿಳಿದಿರುತ್ತಿತ್ತು.

ಊಟದ ಮೇಲೆ ನೀವು ಒಬ್ಬೊಬ್ಬರಾಗಿ ನನ್ನೆದುರು ಕೂತು ಕೇಳುವಿರಂತೆ. ಹತ್ತು ಪುಟ ಬೇಡ, ಒಂದು ಹಾಳೆ ತನ್ನಿ. ಏನು ಕಟ್ಟುತ್ತೀರಿ, ಯಾವಾಗ ಹಿಂದಿರುಗಿಸುತ್ತೀರಿ, ಎಲ್ಲಿ ಮುಳುಗಬಹುದು ಎಂದು ಬರೆಯಿರಿ. ನಿಮ್ಮ ಮನೆಯ ತೊಲೆಗೆ ಎಷ್ಟು ಮರ ಬೇಕೆಂಬ ಲೆಕ್ಕವೂ ಅದರಲ್ಲಿರಲಿ. ಅದನ್ನು ಮೊದಲು ಓದುತ್ತೇನೆ.