ಫ್ಯಾನ್ ನಿಂತ ದಿನ ಏನಾಗುತ್ತದೆ?

ಈಗ ನೀವು ನೋಡುತ್ತಿರುವುದು ನಮ್ಮ ಹಿತ್ತಲು. ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಬೇವಿನ ಒಂದು ಎಲೆಯೂ ಅಲುಗುತ್ತಿಲ್ಲ. ಹವಾಮಾನ ಯಂತ್ರದ ಪರದೆ 43.1 ಡಿಗ್ರಿ ತೋರಿಸುತ್ತಿದೆ. ಉದ್ದನೆಯ ವೈರ್ ಎಳೆದು ಮನೆಯ ಟೇಬಲ್ ಫ್ಯಾನನ್ನು ನಾಲ್ಕು ಹೆಜ್ಜೆ ದೂರದಲ್ಲಿಟ್ಟು, ಸೆನ್ಸರ್ ಕಡೆಗೆ ತಿರುಗಿಸಿದ್ದೇನೆ. ಹತ್ತು ನಿಮಿಷವಾಯಿತು. ಈಗ 41.4.

ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಬೀಸಿದಾಗ ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಒಣಗಿದ ಸೆನ್ಸರಿಗೆ ಬೆವರಿಲ್ಲ. ಅದೇ ಹಿತ್ತಲಿನ ಅದೇ ಗಾಳಿ ಬೀಸಿತು, ಅಂಕಿ 1.7 ಡಿಗ್ರಿ ಇಳಿಯಿತು. ಅಂದರೆ ಆ 1.7 ಡಿಗ್ರಿ ಗಾಳಿಯದಾಗಿರಲಿಲ್ಲ, ಸೆನ್ಸರನ್ನು ಮುಚ್ಚಿದ್ದ, ಬಿಸಿಲಿಗೆ ಕಾದ ಕವಚದ್ದಾಗಿತ್ತು. ನಿಮ್ಮ ಮನೆಯಲ್ಲಿ ಹವಾಮಾನ ಯಂತ್ರವಿದ್ದರೆ, ಹೊಸದೇನನ್ನಾದರೂ ಕೊಳ್ಳುವ ಮೊದಲು ಈ ಪರೀಕ್ಷೆಯನ್ನು ದಯವಿಟ್ಟು ಮಾಡಿ ನೋಡಿ.

ಈ ಕವಚದ ಹೆಸರು ವಿಕಿರಣ ಕವಚ. ಹಾಗೆಂದೊಡನೆ ಕೆಲವರಿಗೆ ಕೈಗಾ ನೆನಪಾಗುತ್ತದೆ. ಇಲ್ಲಿ ವಿಕಿರಣ ಎಂದರೆ ಬಿಸಿಲು ಮತ್ತು ಕಾದ ನೆಲದಿಂದ ಏಳುವ ಝಳ. ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಬೋರಲು ಹಾಕಿದಂತಿರುವ ಈ ಕವಚ ಸೆನ್ಸರಿಗೆ ನೆರಳು ಕೊಡುತ್ತದೆ. ಆದರೆ ತಟ್ಟೆಗಳೇ ಕಾದರೆ? ಅವುಗಳ ಬಿಸಿಯನ್ನು ಹೊತ್ತೊಯ್ಯಲು ಗಾಳಿ ಆಡಲೇಬೇಕು. ಅಮೆರಿಕದ ಆರ್. ಎಂ. ಯಂಗ್ ಕಂಪನಿ ತನ್ನ ತಟ್ಟೆ ಕವಚದ ವಿವರದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದೆ: ಸುಡುಬಿಸಿಲಿನಲ್ಲಿ ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ ತಪ್ಪು 0.4 ಡಿಗ್ರಿ, 1 ಮೀಟರಿಗೆ ಇಳಿದರೆ 1.5 ಡಿಗ್ರಿ.

ಒಂದೂವರೆ ಡಿಗ್ರಿಯಿಂದ ಏನಾಗುತ್ತದೆ ಎಂದು ಕೇಳಬಹುದು. ಪಕ್ಕದ ಹೊಲದಲ್ಲಿ ನಮ್ಮ ಕಾಕಾ ಅವರ ದ್ರಾಕ್ಷಿ ತೋಟವಿದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಚಿಗುರು ಬಂದ ಮೇಲೆ ಅವರು ದಿನವೂ ನನ್ನ ಬಳಿ ಉಷ್ಣತೆಯನ್ನೂ ತೇವಾಂಶವನ್ನೂ ಕೇಳಿ ಬರೆದುಕೊಳ್ಳುತ್ತಾರೆ. ದ್ರಾಕ್ಷಿಗೆ ತಗಲುವ ಡೌನಿ ಎಂಬ ಬೂಜು ರೋಗದ ಭಯ ಅವರಿಗೆ ಆ ಅಂಕಿಗಳಲ್ಲಿ ಕಾಣುತ್ತದೆ. ಗಾಳಿ ನಿಜವಾಗಿ 30 ಡಿಗ್ರಿ, ತೇವಾಂಶ ಶೇಕಡಾ 60 ಇರುವಾಗ ಸೆನ್ಸರ್ ಮಾತ್ರ 32ಕ್ಕೆ ಕಾದಿದ್ದರೆ, ಅದು ತೋರಿಸುವ ತೇವಾಂಶ ಸುಮಾರು 53. ಒಂದು ತಪ್ಪು ಎರಡಾಗುತ್ತದೆ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಯಲ್ಲಿ ಇದು ತಿರುಗುಮುರುಗಾಗುತ್ತದೆ. ತಟ್ಟೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟು ಗಾಳಿಗಿಂತ ತಣ್ಣಗಾಗುತ್ತವೆ, ತೇವಾಂಶ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ಹಾಗಾಗಿ ಕವಚದೊಳಗೇ ಫ್ಯಾನ್ ಇಡುವುದು. ಇದು ಇಂದಿನ ಉಪಾಯವಲ್ಲ. ಜರ್ಮನಿಯ ರಿಚರ್ಡ್ ಆಸ್‌ಮನ್ 1880ರ ದಶಕದಲ್ಲೇ ಗಡಿಯಾರದಂತೆ ಕೀಲಿ ಕೊಟ್ಟು ತಿರುಗಿಸುವ ಫ್ಯಾನನ್ನು ಉಷ್ಣಮಾಪಕಕ್ಕೆ ಜೋಡಿಸಿದರು. ಅದು ಬಲೂನ್ ಯಾನಗಳಲ್ಲಿ ಬಳಕೆಯಾಯಿತು. ಬಲೂನು ಗಾಳಿಯ ಜೊತೆಗೇ ತೇಲುವುದರಿಂದ ಬುಟ್ಟಿಯಲ್ಲಿ ನಿಂತವರಿಗೆ ಗಾಳಿ ಬೀಸುವುದೇ ಇಲ್ಲ. ಮೇಲೆ ಮಾತ್ರ ಉರಿಬಿಸಿಲು. ನಮ್ಮ ಏಪ್ರಿಲ್ ಮಧ್ಯಾಹ್ನವೂ ಹಾಗೆಯೇ. ಆಸ್‌ಮನ್ ಅವರ ಹೊಳೆಯುವ ಜೋಡಿ ಕೊಳವೆಗಳ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಈಗ ನನ್ನ ತಪ್ಪಿನ ವಿಷಯ. ನಾನು ಮೊದಲು ಕೊಂಡದ್ದು ಮುಚ್ಚಿದ ಕೊಳವೆಯ ಮಾದರಿ. ನೋಡಲು ಅಚ್ಚುಕಟ್ಟು, ಫ್ಯಾನಿನ ವೇಗವೂ ಜೋರು. ಮೇ ತಿಂಗಳಲ್ಲಿ ಎರೆಮಣ್ಣಿನ ಧೂಳು ಕುಡಿದು ಕುಡಿದು ಒಂದು ದಿನ ಆ ಫ್ಯಾನ್ ನಿಂತಿತು. ನನಗೆ ಗೊತ್ತಾದದ್ದು ಒಂಬತ್ತು ದಿನಗಳ ನಂತರ. ತಟ್ಟೆ ಕವಚದಲ್ಲಿ ಫ್ಯಾನ್ ನಿಂತರೂ ಸಂದುಗಳಿಂದ ಗಾಳಿ ಹಾಯುತ್ತದೆ. ಮುಚ್ಚಿದ ಕೊಳವೆಯಲ್ಲಿ ಆ ದಾರಿಯೇ ಇಲ್ಲ. ಒಳಗಿನ ಗಾಳಿ ಅಲ್ಲೇ ಬೇಯುತ್ತದೆ. ಆ ಒಂಬತ್ತು ದಿನ ನಾನು ಕಾಕಾ ಅವರಿಗೆ ಹೇಳಿದ ಅಂಕಿಗಳು ಫ್ಯಾನ್ ಇಲ್ಲದ ಹಳೆಯ ಕವಚದವುಗಳಿಗಿಂತಲೂ ಕೆಟ್ಟದಾಗಿದ್ದವು. ನನ್ನ ವಹಿಯಲ್ಲಿ ಆ ಪುಟಗಳಿಗೆ ಕೆಂಪು ಗೆರೆ ಎಳೆದಿದ್ದೇನೆ. ಕಾಕಾ ಅವರ ವಹಿಯಲ್ಲೂ ಎಳೆದು ಬಂದೆ.

ಅಲ್ಲಿಂದ ನಾನು ಯಾವ ಕವಚವನ್ನು ನೋಡಿದರೂ ಮೊದಲು ಕೇಳುವ ಪ್ರಶ್ನೆ ಫ್ಯಾನಿನ ವೇಗದ್ದಲ್ಲ, ಅದು ನಿಂತರೆ ಏನಾಗುತ್ತದೆ ಎಂಬುದು. ನಿಂತದ್ದು ನನಗೆ ತಿಳಿಯುತ್ತದೆಯೇ ಎಂಬುದು ಎರಡನೆಯದು. ಅಮೆರಿಕದ ಹವಾಗುಣ ಉಲ್ಲೇಖ ಜಾಲದ ನಿಲ್ದಾಣಗಳಲ್ಲಿ ಮೂರು ಉಷ್ಣಮಾಪಕಗಳನ್ನು ಮೂರು ಪ್ರತ್ಯೇಕ ಫ್ಯಾನ್ ಕವಚಗಳಲ್ಲಿಟ್ಟು, ಫ್ಯಾನುಗಳ ವೇಗವನ್ನೂ ದಾಖಲಿಸುತ್ತಾರೆ. ಮೂರು ಕವಚ ನಮ್ಮ ಕೈಗೆಟುಕದಿರಬಹುದು, ಆದರೆ ವೇಗ ಎಣಿಸುವುದು ಸುಲಭ. ಕಂಪ್ಯೂಟರ್ ಫ್ಯಾನುಗಳಲ್ಲಿ ಮೂರನೆಯ ತಂತಿ, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಪ್ರತಿ ಸುತ್ತಿಗೆ ಎರಡು ಬಾರಿ ಮಿಡಿಯುತ್ತದೆ. ಆ ಮಿಡಿತ ನಿಂತರೆ ಈಗ ನನ್ನ ಮೊಬೈಲಿಗೆ ಸಂದೇಶ ಬರುತ್ತದೆ.

ಗಾಳಿಯ ದಾರಿಯನ್ನೂ ಗಮನಿಸಿ. ಫ್ಯಾನ್ ಮೇಲಿರಬೇಕು, ಸೆನ್ಸರ್ ಕೆಳಗಿರಬೇಕು, ಗಾಳಿಯನ್ನು ಎಳೆದುಕೊಳ್ಳಬೇಕು. ಫ್ಯಾನೇ ಮೊದಲಿದ್ದು ಗಾಳಿಯನ್ನು ಸೆನ್ಸರಿನತ್ತ ತಳ್ಳಿದರೆ ಮೋಟಾರಿನ ಬಿಸಿಯೂ ಲೆಕ್ಕಕ್ಕೆ ಸೇರುತ್ತದೆ. ಕೆಳಗಿನ ಬಾಯಿಯಿಂದ ನೋಡಿದಾಗ ಸೆನ್ಸರ್ ನೇರವಾಗಿ ಕಾಣಬಾರದು; ಕಂಡರೆ ಕಾದ ನೆಲದ ಝಳವೂ ಅದಕ್ಕೆ ನೇರವಾಗಿ ತಗಲುತ್ತದೆ.

ಹಗಲು ಮಾತ್ರ ತಿರುಗುವ ಫ್ಯಾನೋ, ಇಡೀ ದಿನದ್ದೋ? ಹವಾಮಾನ ಯಂತ್ರಗಳನ್ನು ಮಾಡುವ ಡೇವಿಸ್ ಕಂಪನಿಯದರಲ್ಲಿ ಎರಡೂ ಬಗೆ ಇವೆ. ಹಗಲಿನದು ಸೌರಫಲಕದಿಂದ ನೇರವಾಗಿ ಓಡುತ್ತದೆ, ತಾಪತ್ರಯ ಕಡಿಮೆ. ಆದರೆ ಡೌನಿ ಹೊಂಚು ಹಾಕುವುದು ರಾತ್ರಿ ಮತ್ತು ನಸುಕಿನ ಒದ್ದೆಯಲ್ಲಿ, ಹಾಗಾಗಿ ನನಗೆ ಇಡೀ ದಿನದ್ದೇ ಬೇಕಾಯಿತು. ನನ್ನ 12 ವೋಲ್ಟ್ ಫ್ಯಾನ್ 0.12 ಆಂಪಿಯರ್ ಎಳೆಯುತ್ತದೆ, ದಿನಕ್ಕೆ ಸುಮಾರು 35 ವ್ಯಾಟ್-ಗಂಟೆ. 7 ಆಂಪಿಯರ್-ಗಂಟೆಯ ಬ್ಯಾಟರಿ ಇಟ್ಟಿದ್ದೇನೆ. ಕರೆಂಟ್ ಹೋದರೂ ಎರಡು ದಿನದ ಹತ್ತಿರ ತಳ್ಳುತ್ತದೆ. ಬೇರಿಂಗ್ ಮಾತ್ರ ಬಾಲ್ ಬೇರಿಂಗೇ ಇರಲಿ.

ಆಗುಂಬೆ, ಮಡಿಕೇರಿ ಕಡೆಯವರಿಗೆ ಒಂದು ಮಾತು. ಮಂಜು, ಜಿಟಿಜಿಟಿ ಮಳೆಯಲ್ಲಿ ಫ್ಯಾನ್ ಹನಿಗಳನ್ನೂ ಒಳಗೆಳೆಯುತ್ತದೆ. ಒದ್ದೆಯಾದ ಸೆನ್ಸರ್ ಆರುತ್ತಾ ಇರುವಷ್ಟು ಹೊತ್ತು ಗಾಳಿಗಿಂತ ಕಡಿಮೆ ಉಷ್ಣತೆ ತೋರಿಸುತ್ತದೆ. ನಿಮ್ಮಲ್ಲಿ ಒಳ್ಳೆಯ ತಟ್ಟೆ ಕವಚವೇ ಸಾಕಾಗಬಹುದು.

ಕೊನೆಗೆ ನಾನು ಆರಿಸಿಕೊಂಡದ್ದು ಇದು: ತಟ್ಟೆಗಳ ಕವಚ, ನೆತ್ತಿಯಲ್ಲಿ 80 ಮಿಲಿಮೀಟರ್ ಫ್ಯಾನ್, ಕೆಳಗೆ ಕೀಟ ನುಗ್ಗದಂತೆ ಜಾಲರಿ. ಜಾಲರಿಯನ್ನು ಪ್ರತಿ ಭಾನುವಾರ ಬ್ರಷ್‌ನಿಂದ ಉಜ್ಜುತ್ತೇನೆ. ಇವತ್ತು ಮತ್ತೆ ಗಾಳಿಯಿಲ್ಲದ ಮಧ್ಯಾಹ್ನ. ಕಾಕಾ ವಹಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಾರೆ. ಅದೇ ಟೇಬಲ್ ಫ್ಯಾನನ್ನು ಅದೇ ನಾಲ್ಕು ಹೆಜ್ಜೆ ದೂರದಲ್ಲಿಟ್ಟು ಹತ್ತು ನಿಮಿಷ ಕಾದೆವು. ಅಂಕಿ 41.3ರಿಂದ 41.2ಕ್ಕೆ ಇಳಿದು ಅಲ್ಲೇ ನಿಂತಿತು. ಕಾಕಾ ಪೆನ್ನಿನ ಮುಚ್ಚಳ ತೆಗೆದರು.