ಎರಡು ಫಾರ್ಮಸಿ ಕಾಲೇಜು, ಎರಡರಲ್ಲೂ ಸೀಟು: ಎಲ್ಲಿ ನೋಡಬೇಕು, ಏನು ಕೇಳಬೇಕು

ಎಲ್ಲರಿಗೂ ನಮಸ್ಕಾರ.

ಎರಡು ಕಡೆ ಸೀಟು ಸಿಕ್ಕಿದೆ, ಯಾವುದಕ್ಕೆ ಸೇರುವುದು ಎಂಬ ಪ್ರಶ್ನೆ ಇಟ್ಟುಕೊಂಡು ಬಂದವರೇ ಇಲ್ಲಿ ಹೆಚ್ಚು. ಒಂದೂ ಸಿಗದವರ ಪಾಡಿಗೆ ಹೋಲಿಸಿದರೆ ಇದು ಸುಖದ ಸಂಕಟ. ಆದರೂ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರ ಬಂದಂತೆ ತಲೆ ಕೆಡುತ್ತದೆ, ಆಗ ಕಣ್ಣು ಹೋಗುವುದು ಕಟ್ಟಡದ ಮೇಲೆ, ಹಾಸ್ಟೆಲ್ ಮೇಲೆ, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬಂದ ರ‍್ಯಾಂಕ್ ಮೇಲೆ. ಓದು ಮುಗಿಯುವ ಹೊತ್ತಿಗೆ ನಿಮ್ಮ ಕೈ ಎಷ್ಟು ಕೆಲಸ ಮಾಡಿರುತ್ತದೆ ಎಂಬುದನ್ನು ಈ ಮೂರರಲ್ಲಿ ಯಾವುದೂ ಹೇಳುವುದಿಲ್ಲ. ಅದನ್ನು ಹೇಳುವ ಜಾಗಗಳು ಬೇರೆ ಇವೆ. ಅವುಗಳ ಬಗ್ಗೆ ಮಾತಾಡೋಣ.

ಅದಕ್ಕೂ ಮೊದಲು ಮಾನ್ಯತೆ. ಇದರಲ್ಲಿ ಎಡವಿದರೆ ಮುಂದಿನ ಮಾತೆಲ್ಲ ವ್ಯರ್ಥ. ಕಾಲೇಜಿಗೆ ಮಾನ್ಯತೆ ಇದೆಯಾ ಎಂದು ಕೇಳಿದರೆ ಎಲ್ಲ ಕಡೆಯೂ 'ಇದೆ' ಎಂದೇ ಉತ್ತರ ಬರುತ್ತದೆ. ಕೇಳಬೇಕಾದ ಪ್ರಶ್ನೆ ಹೀಗಿರಲಿ: 'ನಾನು ಸೇರುವ ಈ ಕೋರ್ಸಿಗೆ, ಈ ವರ್ಷದ ಬ್ಯಾಚಿಗೆ, ಫಾರ್ಮಸಿಸ್ಟ್ ಆಗಿ ನೋಂದಣಿ ಮಾಡಿಸಿಕೊಳ್ಳಲು ಸಾಲುವ ಮಾನ್ಯತೆ ಇದೆಯೇ?' ಭಾರತದಲ್ಲಿ ಕೋರ್ಸ್ ನಡೆಸಲು ಸಿಗುವ ಅನುಮತಿ ಬೇರೆ, 1948ರ ಫಾರ್ಮಸಿ ಕಾಯ್ದೆಯ 12ನೇ ಕಲಮಿನಡಿ ನೋಂದಣಿಗಾಗಿ ಸಿಗುವ ಅನುಮೋದನೆ ಬೇರೆ. ಹೊಸ ಕಾಲೇಜಿಗೆ ಮೊದಲನೆಯದು ಸಿಕ್ಕಿ ಎರಡನೆಯದು ಇನ್ನೂ ಬಾಕಿ ಇರಬಹುದು. ಒಂದೇ ಕಾಲೇಜಿನಲ್ಲಿ ಬಿ.ಫಾರ್ಮ್‌ಗೆ ಅನುಮೋದನೆ ಇದ್ದು ಆಸ್ಪತ್ರೆ ಕೆಲಸದ ಕಡೆಗಿನ ಡಾಕ್ಟರ್ ಆಫ್ ಫಾರ್ಮಸಿಗೆ, ಅಂದರೆ ಫಾರ್ಮ್.ಡಿಗೆ, ಇಲ್ಲದಿರಬಹುದು. ಅಮೆರಿಕದಲ್ಲಿ ಎಸಿಪಿಇ ಎಂಬ ಸಂಸ್ಥೆ ಮೂರು ಹಂತದಲ್ಲಿ ಮಾನ್ಯತೆ ಕೊಡುತ್ತದೆ: ಪ್ರಿಕ್ಯಾಂಡಿಡೇಟ್, ಕ್ಯಾಂಡಿಡೇಟ್, ಪೂರ್ಣ. ಕ್ಯಾಂಡಿಡೇಟ್ ಹಂತದಲ್ಲಿರುವ ಕಾಲೇಜಿನಿಂದ ಪದವಿ ಪಡೆದವರಿಗೂ ಪೂರ್ಣ ಮಾನ್ಯತೆಯ ಕಾಲೇಜಿನವರಿಗಿರುವ ಹಕ್ಕೇ ಇರುತ್ತದೆ, ಹೆದರಬೇಕಿಲ್ಲ. ಆದರೆ ಮೊದಲ ಬ್ಯಾಚು ಮುಗಿಯುವ ಹೊತ್ತಿಗೆ ಕಾಲೇಜು ಪೂರ್ಣ ಹಂತ ಮುಟ್ಟದಿದ್ದರೆ ಏನು ಎಂಬ ಪ್ರಶ್ನೆಯನ್ನು ಕಾಲೇಜಿನವರ ಮುಂದೆಯೇ ಇಡಿ. ಉತ್ತರ ಕೊಡುವಾಗ ಅವರು ತಡವರಿಸಿದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಹೊರದೇಶಕ್ಕೆ ಹೋಗುವ ಆಸೆ ಇರುವವರಿಗೆ ಇಲ್ಲೇ ಒಂದು ಮಾತು. ಬೇರೆ ದೇಶದಲ್ಲಿ ಓದಿ ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಬೇಕೆಂದರೆ ಎಫ್‌ಪಿಜಿಇಸಿ ಪ್ರಮಾಣಪತ್ರದ (ಹೊರದೇಶದ ಫಾರ್ಮಸಿ ಪದವೀಧರರಿಗೆ ಅಲ್ಲಿ ಕೊಡುವ ಪತ್ರ) ದಾರಿಯಲ್ಲಿ ಹೋಗಬೇಕು. 2003ರ ಜನವರಿ 1ರಿಂದೀಚೆಗೆ ಪದವಿ ಪಡೆದವರಿಗೆ ಅಲ್ಲಿ ಕನಿಷ್ಠ 5 ವರ್ಷದ ಫಾರ್ಮಸಿ ಪಠ್ಯಕ್ರಮ ಕೇಳುತ್ತಾರೆ. 4 ವರ್ಷದ ಬಿ.ಫಾರ್ಮ್ ಅಲ್ಲಿಗೆ ಸಾಲದು. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ 6 ವರ್ಷದ ಫಾರ್ಮ್.ಡಿ ಬೇರೆ ಲೆಕ್ಕ. ಹೆಸರು ನೋಡಿಯೂ ಮೋಸ ಹೋಗಬೇಡಿ. ಬ್ರಿಟನ್ನಿನಲ್ಲಿ ಎಂ.ಫಾರ್ಮ್ ಎಂದರೆ 4 ವರ್ಷದ ಮೊದಲ ಪದವಿ, ಅದಾದ ಮೇಲೆ ಒಂದು ವರ್ಷದ ತರಬೇತಿ, ಜೊತೆಗೆ ನೋಂದಣಿ ಪರೀಕ್ಷೆ. ಭಾರತದಲ್ಲಿ ಅದೇ ಹೆಸರು ಸ್ನಾತಕೋತ್ತರ ಪದವಿಯದ್ದು. ಎರಡು ಕಾಲೇಜುಗಳನ್ನು ತೂಗುತ್ತಿದ್ದೇವೆ ಎಂದುಕೊಂಡು ಎಷ್ಟೋ ಮಂದಿ ಗೊತ್ತಿಲ್ಲದೆ ಎರಡು ಬೇರೆ ವೃತ್ತಿಗಳನ್ನೇ ತೂಗುತ್ತಿರುತ್ತಾರೆ.

ಇನ್ನು ಶೇಕಡಾವಾರು. 'ನಮ್ಮಲ್ಲಿ 95% ಪಾಸು' ಎಂದು ಒಂದು ಕಾಲೇಜು, '88%' ಎಂದು ಇನ್ನೊಂದು. ಮೊದಲನೆಯದೇ ಮೇಲು ಎನ್ನುವ ಮುನ್ನ ಛೇದದಲ್ಲಿ ಯಾವ ಸಂಖ್ಯೆ ಇದೆ ಎಂದು ಕೇಳಿ. ಲೆಕ್ಕ ಹಾಕಿ ನೋಡೋಣ. ಮೊದಲ ಕಾಲೇಜಿಗೆ 100 ಮಂದಿ ಸೇರಿದರು, ದಾರಿಯಲ್ಲಿ ಬಿಟ್ಟವರು, ಫೇಲಾಗಿ ಹಿಂದುಳಿದವರು ಹೋಗಿ ಕೊನೆಯ ಪರೀಕ್ಷೆಗೆ ಕೂತವರು 60, ಪಾಸಾದವರು 57. ಅದು 95%. ಎರಡನೆಯದಕ್ಕೂ ಸೇರಿದವರು 100, ಪರೀಕ್ಷೆಗೆ ಕೂತವರು 92, ಪಾಸಾದವರು 81. ಅದು 88%. ಸೇರಿದ ನೂರರಲ್ಲಿ ಸಮಯಕ್ಕೆ ಸರಿಯಾಗಿ ದಡ ಮುಟ್ಟಿದವರು ಒಂದು ಕಡೆ 57, ಇನ್ನೊಂದು ಕಡೆ 81. ಅಂದರೆ ಕೇಳಬೇಕಾದ ಸಂಖ್ಯೆ ಎರಡು: ಸೇರಿದವರಲ್ಲಿ ನಿಗದಿತ ವರ್ಷಗಳಲ್ಲೇ ಮುಗಿಸಿದವರೆಷ್ಟು, ಪರವಾನಗಿ ಪರೀಕ್ಷೆಯನ್ನು ಮೊದಲ ಯತ್ನದಲ್ಲೇ ಪಾಸು ಮಾಡಿದವರೆಷ್ಟು. ಅಮೆರಿಕದ ಕಾಲೇಜುಗಳ ಮಟ್ಟಿಗೆ ನಾಪ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆಯ ಮೊದಲ ಯತ್ನದ ಫಲಿತಾಂಶ ಕಾಲೇಜುವಾರು ಬಹಿರಂಗವಾಗಿ ಸಿಗುತ್ತದೆ. ಒಂದು ವರ್ಷದ್ದನ್ನು ನಂಬಬೇಡಿ, ಮೂರ್ನಾಲ್ಕು ವರ್ಷದ್ದನ್ನು ಸಾಲಾಗಿ ಬರೆದು ನೋಡಿ. ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಕಾರಣ ಕೇಳಿ. ಸೀಟು ಏಕಾಏಕಿ ಹೆಚ್ಚಿಸಿದ್ದು, ಅನುಭವಿ ಅಧ್ಯಾಪಕರು ಬಿಟ್ಟುಹೋದದ್ದು, ಇವೇ ಸಾಮಾನ್ಯವಾಗಿ ಹಿಂದಿರುತ್ತವೆ.

ಈಗ ಲ್ಯಾಬಿಗೆ ಬರೋಣ. ಭೇಟಿಯ ದಿನ ನಿಮ್ಮನ್ನು ಮೊದಲು ಕರೆದುಕೊಂಡು ಹೋಗುವುದು ಎಚ್‌ಪಿಎಲ್‌ಸಿ ಯಂತ್ರದ ಮುಂದಕ್ಕೆ. ಔಷಧದೊಳಗಿನ ಅಂಶಗಳನ್ನು ಬೇರ್ಪಡಿಸಿ ಅಳೆಯುವ ದುಬಾರಿ ಯಂತ್ರ, ನೋಡಲು ಚೆಂದ. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿದ್ದರೆ ವಾರದಲ್ಲಿ ಎಷ್ಟು ದಿನ ಓಡುತ್ತದೆ ಎಂದು ಕೇಳಿ ಮುಂದೆ ಹೋಗಿ. ನೀವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಡಿಸಲ್ಯೂಷನ್ ಯಂತ್ರದ ಹತ್ತಿರ. ಮಾತ್ರೆ ಹೊಟ್ಟೆಯೊಳಗೆ ಎಷ್ಟು ಬೇಗ ಕರಗೀತು ಎಂಬುದನ್ನು ಹೊರಗೆ ಅಂದಾಜು ಮಾಡುವ ಸಾಧನ ಅದು. ಸಾಮಾನ್ಯವಾಗಿ 6 ಗಾಜಿನ ಪಾತ್ರೆ, ಒಂದೊಂದರಲ್ಲಿ ಹೆಚ್ಚಾಗಿ 900 ಮಿ.ಲೀ. ದ್ರವ, ಉಷ್ಣತೆ 37 ಡಿಗ್ರಿ, ಆಚೀಚೆ ಅರ್ಧ ಡಿಗ್ರಿಗಿಂತ ಹೆಚ್ಚು ಸರಿಯುವಂತಿಲ್ಲ. ದ್ರವ ಕದಡುವ ಪ್ಯಾಡಲ್‌ನ ತಳ ಪಾತ್ರೆಯ ಒಳತಳದಿಂದ 25 ಮಿ.ಮೀ. ಮೇಲಿರಬೇಕು, ಹೆಚ್ಚುಕಡಿಮೆ 2 ಮಿ.ಮೀ. ಮಾತ್ರ ನಡೆಯುತ್ತದೆ.

ಈ ಯಂತ್ರವೇ ಯಾಕೆ? ಸಣ್ಣ ಅಸಡ್ಡೆಯನ್ನೂ ಇದು ಬಯಲಿಗೆಳೆಯುತ್ತದೆ, ಅದಕ್ಕೆ. ದ್ರವದಲ್ಲಿ ಕರಗಿದ ಗಾಳಿಯನ್ನು ಮೊದಲೇ ತೆಗೆಯದಿದ್ದರೆ ಬಿಸಿಯೇರಿದಂತೆ ಗುಳ್ಳೆ ಎದ್ದು ಮಾತ್ರೆಗೆ ಅಂಟಿಕೊಳ್ಳುತ್ತದೆ. ನೀರು ತಾಗುವ ಮೈ ಕಡಿಮೆಯಾಗಿ ಮಾತ್ರೆ ನಿಧಾನ ಕರಗಬಹುದು, ಇಲ್ಲವೇ ಗುಳ್ಳೆಯ ಜೊತೆ ತೇಲಬಹುದು. ಪಕ್ಕದಲ್ಲಿ ಇನ್ನೊಂದು ಯಂತ್ರ ನಡುಗುತ್ತಿದ್ದರೆ ಆ ಕಂಪನಕ್ಕೆ ಮಾತ್ರೆ ಇರಬೇಕಾದ್ದಕ್ಕಿಂತ ಬೇಗ ಕರಗುತ್ತದೆ. ಮಾದರಿ ತೆಗೆದ ಕೂಡಲೇ ಸೋಸದೆ ಸಿರಿಂಜಿನಲ್ಲೇ ಇಟ್ಟುಕೊಂಡು ಹರಟಿದರೆ ಅದರೊಳಗಿನ ಕಣಗಳು ಕರಗುತ್ತಲೇ ಇರುತ್ತವೆ, 10ನೇ ನಿಮಿಷದ ಅಳತೆ 15ನೇ ನಿಮಿಷದ್ದಾಗುತ್ತದೆ. ಇವೆಲ್ಲ ಪುಸ್ತಕ ಓದಿದವರಿಗೆ ಗೊತ್ತಿರುತ್ತದೆ, ಆದರೆ ಕೈಯಲ್ಲಿ ಒಮ್ಮೆ ಕೆಡಿಸಿದವರಿಗೆ ಮಾತ್ರ ನೆನಪಿರುತ್ತದೆ. ಹಾಗಾಗಿ ಕೇಳಿ: ಒಂದು ಬ್ಯಾಚಿನಲ್ಲಿ ಎಷ್ಟು ಮಂದಿ? ಯಂತ್ರ ಎಷ್ಟು? ಮಾದರಿ ತೆಗೆಯುವವರು ಯಾರು, ಬರೆದುಕೊಳ್ಳುವವರು ಯಾರು? ಒಬ್ಬ ಮಾಡಿ ಒಂಬತ್ತು ಮಂದಿ ನೋಡುವ ಲ್ಯಾಬಿನಲ್ಲಿ ಆ ಒಂಬತ್ತು ಮಂದಿ ಕಟ್ಟಿದ ಶುಲ್ಕ ಪ್ರೇಕ್ಷಕರ ಟಿಕೆಟ್ಟಿನ ದುಡ್ಡು. ಯಂತ್ರದ ಪಕ್ಕದಲ್ಲಿ ಲಾಗ್ ಪುಸ್ತಕ ಇರುತ್ತದೆ, ಇರಬೇಕು. ಕೊನೆಯ ನಮೂದು ಯಾವ ದಿನದ್ದು? ಕೊನೆಯ ಕ್ಯಾಲಿಬ್ರೇಷನ್, ಅಂದರೆ ಯಂತ್ರದ ಅಳತೆ ಸರಿಯಿದೆಯೇ ಎಂಬ ಪರೀಕ್ಷೆ, ಯಾವಾಗ?

ಆಮೇಲೆ ಎರಡನೇ ಅಥವಾ ಮೂರನೇ ವರ್ಷದ ವಿದ್ಯಾರ್ಥಿಯ ಪ್ರಾಕ್ಟಿಕಲ್ ರೆಕಾರ್ಡನ್ನು ಕೇಳಿ ಪಡೆದು ನೋಡಿ. ಮಾತ್ರೆಯ ಸವೆತದ ಪರೀಕ್ಷೆ, ಫ್ರಯಬಿಲಿಟಿ, ಬರೆದ ಪುಟ ತೆಗೆಯಿರಿ. ಸುಮಾರು 6.5 ಗ್ರಾಂ ತೂಕದಷ್ಟು ಮಾತ್ರೆಗಳನ್ನು ಡ್ರಮ್ಮಿಗೆ ಹಾಕಿ, ನಿಮಿಷಕ್ಕೆ 25ರಂತೆ 4 ನಿಮಿಷದಲ್ಲಿ 100 ಸುತ್ತು ತಿರುಗಿಸಿ, ಪುಡಿ ಒರೆಸಿ ಮತ್ತೆ ತೂಗುತ್ತಾರೆ. ನಷ್ಟ 1% ಮೀರಬಾರದು. ಒಂದು ರೆಕಾರ್ಡಿನಲ್ಲಿ '6.50 ಇದ್ದದ್ದು 6.43 ಆಯಿತು, ನಷ್ಟ 1.08%, ಫೇಲ್, ಬೈಂಡರ್ ಕಡಿಮೆಯಾಯಿತು, ಗ್ರಾನ್ಯೂಲ್ ತೀರಾ ಒಣಗಿತ್ತು' ಎಂದಿದೆ ಅಂದುಕೊಳ್ಳಿ (ಬೈಂಡರ್ ಎಂದರೆ ಪುಡಿಯನ್ನು ಅಂಟಿಸುವ ವಸ್ತು, ಗ್ರಾನ್ಯೂಲ್ ಎಂದರೆ ಮಾತ್ರೆ ಒತ್ತುವ ಮುನ್ನ ಮಾಡಿಕೊಳ್ಳುವ ಕಾಳು). ಇನ್ನೊಂದು ಕಾಲೇಜಿನಲ್ಲಿ ಇಪ್ಪತ್ತು ಜನರ ರೆಕಾರ್ಡಿನಲ್ಲೂ 0.4% ಎಂದೇ ಇದೆ. ಎರಡನೆಯದು ಅಂದವಾಗಿದೆ, ಕೆಂಪು ಶಾಯಿಯ ಸಹಿಯೂ ಇದೆ, ಆದರೆ ಅಲ್ಲಿ ಡ್ರಮ್ಮು ತಿರುಗಿದ್ದೇ ಅನುಮಾನ. ಫೇಲ್ ಎಂದು ಬರೆಯಲು ಬಿಡುವ ಅಧ್ಯಾಪಕರು ಇರುವ ಕಡೆ ಕಲಿಕೆ ನಡೆಯುತ್ತಿದೆ ಎಂದೇ ನನ್ನ ಲೆಕ್ಕ. ಮಾತ್ರೆಯ ತಲೆ ಟೊಪ್ಪಿಯಂತೆ ಕಳಚಿ ಬರುವ ಕ್ಯಾಪಿಂಗ್ ಯಾಕಾಗುತ್ತದೆ ಎಂದು ಆ ವಿದ್ಯಾರ್ಥಿಯನ್ನು ಸುಮ್ಮನೆ ಕೇಳಿ ನೋಡಿ. ಒಳಗೆ ಗಾಳಿ ಸಿಕ್ಕಿಕೊಂಡಿತ್ತು, ನುಣ್ಣನೆ ಪುಡಿ ಜಾಸ್ತಿಯಾಗಿತ್ತು, ಒತ್ತಡ ಹೆಚ್ಚಾಗಿತ್ತು ಎಂದು ತಡೆಯದೆ ಹೇಳಿದರೆ ಆ ಕಾಲೇಜಿಗೆ ಒಂದು ಅಂಕ ಹಾಕಿ.

ಫಾರ್ಮಕಾಲಜಿ ಲ್ಯಾಬಿನಲ್ಲಿ ಪ್ರಾಣಿಗಳ ಬದಲು ಕಂಪ್ಯೂಟರ್ ಸಿಮ್ಯುಲೇಷನ್ ಕಂಡರೆ ಅದನ್ನು ಕೊರತೆ ಎಂದು ಭಾವಿಸಬೇಡಿ, ಈಗ ಕ್ರಮವೇ ಹಾಗೆ.

ಆಸ್ಪತ್ರೆ ತರಬೇತಿ ಎರಡು ಕಾಲೇಜುಗಳ ನಡುವಿನ ಅಂತರ ಅತಿ ಹೆಚ್ಚು ಕಾಣುವ ಜಾಗ. ಅಮೆರಿಕದ ಫಾರ್ಮ್.ಡಿಯಲ್ಲಿ ಮೊದಲ ವರ್ಷಗಳಲ್ಲಿ ಕನಿಷ್ಠ 300 ಗಂಟೆ, ಕೊನೆಯ ಹಂತದಲ್ಲಿ ಕನಿಷ್ಠ 1440 ಗಂಟೆ ತರಬೇತಿ ಕಡ್ಡಾಯ. ಭಾರತದ 2008ರ ಫಾರ್ಮ್.ಡಿ ನಿಯಮಗಳು ಕನಿಷ್ಠ 300 ಹಾಸಿಗೆಯ ಆಸ್ಪತ್ರೆ ಬೇಕೆನ್ನುತ್ತವೆ. ಈ ಸಂಖ್ಯೆ ಇಬ್ಬರ ಬಳಿಯೂ ಕಾಗದದಲ್ಲಿ ಸರಿ ಇರುತ್ತದೆ. ಆ ಗಂಟೆಗಳಲ್ಲಿ ವಿದ್ಯಾರ್ಥಿ ಏನು ಮಾಡುತ್ತಾನೆ ಎಂದು ಕೇಳಿ. ಔಷಧ ಮಳಿಗೆಯ ಕಪಾಟು ಜೋಡಿಸುತ್ತಾನೋ, ವಾರ್ಡಿನಲ್ಲಿ ರೋಗಿಯ ಔಷಧ ಚೀಟಿ ಹಿಡಿದು ನಿಲ್ಲುತ್ತಾನೋ?

ವಾರ್ಡಿನ ಕೆಲಸ ಎಂದರೆ ಎಂಥದ್ದು ಎಂಬುದಕ್ಕೆ ಒಂದು ಲೆಕ್ಕ. 80 ವರ್ಷದ ಹೆಂಗಸು, ತೂಕ 50 ಕಿಲೋ, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಡೆಸಿಲೀಟರಿಗೆ 1.2 ಮಿ.ಗ್ರಾಂ. ವರದಿಯಲ್ಲಿ ಆ ಅಂಕಿ ನೋಡಿದರೆ ಗಾಬರಿಯಾಗುವಂಥದ್ದೇನಿಲ್ಲ. ಈಗ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ, ಮೂತ್ರಪಿಂಡ ನಿಮಿಷಕ್ಕೆ ಎಷ್ಟು ರಕ್ತ ಶುದ್ಧ ಮಾಡುತ್ತದೆ ಎಂದು ಅಂದಾಜಿಸುವ ಸೂತ್ರ ಅದು. 140ರಲ್ಲಿ ವಯಸ್ಸು ಕಳೆದರೆ 60, ಅದನ್ನು ತೂಕದಿಂದ ಗುಣಿಸಿದರೆ 3000, ಕೆಳಗೆ 72 ಗುಣಿಸು 1.2 ಅಂದರೆ 86.4. ಭಾಗಿಸಿದರೆ 34.7. ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ ನಿಮಿಷಕ್ಕೆ 29.5 ಮಿ.ಲೀ. ಮೂತ್ರಪಿಂಡದ ಕೆಲಸ 30ಕ್ಕಿಂತ ಕೆಳಗೆ ಇಳಿದಿದೆ. ಹೆಪ್ಪುಗಟ್ಟಿದ ರಕ್ತದ ಚಿಕಿತ್ಸೆಗೆ ಎನಾಕ್ಸಾಪ್ಯಾರಿನ್ ಚುಚ್ಚುಮದ್ದು ಕಿಲೋಗೆ 1 ಮಿ.ಗ್ರಾಂನಂತೆ ದಿನಕ್ಕೆ ಎರಡು ಸಲ ಬರೆದಿದ್ದರೆ ಈಗ ಅದು ದಿನಕ್ಕೆ ಒಂದೇ ಸಲ ಆಗಬೇಕು. ಹಾಗೇ ಬಿಟ್ಟರೆ ಔಷಧ ಮೈಯಲ್ಲಿ ಉಳಿದು ರಕ್ತಸ್ರಾವಕ್ಕೆ ದಾರಿ. ಇದನ್ನು ಕಂಡುಹಿಡಿದು ವೈದ್ಯರಿಗೆ ಹೇಳಬೇಕಾದವರು ಫಾರ್ಮಸಿಸ್ಟ್. ತರಬೇತಿಯಲ್ಲಿ ಹೀಗೆ ಎಷ್ಟು ಚೀಟಿ ನೋಡಿದ್ದೀರಿ, ನಿಮ್ಮ ಮಾತು ಕೇಳಿ ಎಷ್ಟು ಸಲ ಡೋಸ್ ಬದಲಾಯಿತು, ಅದನ್ನು ಬರೆದಿಡುವ ನಮೂನೆ ಇದೆಯೇ ಎಂದು ಕೊನೆಯ ವರ್ಷದವರನ್ನು ಕೇಳಿ. ನಮೂನೆ ತೆಗೆದು ತೋರಿಸುವ ಕಾಲೇಜು ಇದೆ, 'ವೈದ್ಯರು ನಮ್ಮನ್ನು ರೌಂಡ್ಸಿಗೆ ಸೇರಿಸುವುದಿಲ್ಲ' ಎನ್ನುವ ಕಾಲೇಜೂ ಇದೆ.

ಜೊತೆಗೆ ಇಷ್ಟು ಕೇಳಿ: ಆಸ್ಪತ್ರೆ ಕಾಲೇಜಿನದ್ದೋ ಒಪ್ಪಂದದ ಮೇಲಿನದ್ದೋ, ಒಪ್ಪಂದ ಯಾವ ವರ್ಷದವರೆಗೆ, ಒಬ್ಬ ಮಾರ್ಗದರ್ಶಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು, ತರಬೇತಿ ಜಾಗ ಹಂಚುವುದು ಲಾಟರಿಯಲ್ಲೋ ಅಂಕದ ಮೇಲೋ, ದೂರದ ಜಾಗ ಬಂದರೆ ಓಡಾಟದ ಮತ್ತು ವಾಸದ ಖರ್ಚು ಯಾರದ್ದು.

ಖರ್ಚಿನ ಮಾತು ಬಂತು. ಮೊದಲ ವರ್ಷದ ಶುಲ್ಕವನ್ನು ಹೋಲಿಸುವುದು ಎಲ್ಲರೂ ಮಾಡುವ ತಪ್ಪು. ಪ್ರತಿ ವರ್ಷದ ಆರಂಭದಲ್ಲಿ 100ರಂತೆ 4 ವರ್ಷ ಸಾಲ ಎತ್ತಿದರೆ, 8% ಸರಳ ಬಡ್ಡಿಯಲ್ಲಿ ಮೊದಲ ಕಂತಿಗೆ 32, ಎರಡನೆಯದಕ್ಕೆ 24, ಆಮೇಲೆ 16, 8. ಪದವಿ ಕೈಗೆ ಬರುವ ದಿನವೇ 400ರ ಸಾಲ 480 ಆಗಿರುತ್ತದೆ, ಚಕ್ರಬಡ್ಡಿಯಾದರೆ ಇನ್ನೂ ಹೆಚ್ಚು. ಒಂದು ವರ್ಷ ಫೇಲಾಗಿ ಉಳಿದರೆ ಶುಲ್ಕದ ಜೊತೆ ಒಂದು ವರ್ಷದ ಸಂಬಳವೂ ಕೈತಪ್ಪುತ್ತದೆ. ಆಗಲೇ ಹೇಳಿದ 57 ಮತ್ತು 81ರ ವ್ಯತ್ಯಾಸ ಇಲ್ಲಿ ಹಣವಾಗಿ ತಿರುಗುತ್ತದೆ. ವಿದ್ಯಾರ್ಥಿವೇತನ ಕೊಡುತ್ತೇವೆ ಎಂದವರನ್ನು ಅದು ಎಷ್ಟು ವರ್ಷಕ್ಕೆ, ಎಷ್ಟು ಅಂಕ ಇಳಿದರೆ ನಿಲ್ಲುತ್ತದೆ, ಕಳೆದ ಬ್ಯಾಚಿನಲ್ಲಿ ಕೊನೆಯವರೆಗೆ ಉಳಿಸಿಕೊಂಡವರೆಷ್ಟು ಎಂದು ಕೇಳಿ.

ರ‍್ಯಾಂಕ್ ಬಗ್ಗೆ ಎರಡೇ ಮಾತು. ಅಮೆರಿಕದ ಒಂದು ಪ್ರಸಿದ್ಧ ಪಟ್ಟಿ ನಿಂತಿರುವುದು ಕಾಲೇಜಿನವರೇ ಒಬ್ಬರಿಗೊಬ್ಬರು ಕೊಟ್ಟ ಅಂಕದ ಮೇಲೆ. ಇನ್ನು ಕೆಲವು ಪಟ್ಟಿಗಳಲ್ಲಿ ಸಂಶೋಧನೆಗೆ ಭಾರ ಹೆಚ್ಚು, ಪಿಎಚ್.ಡಿ ಕಡೆಗೆ ಹೋಗುವವರಿಗೆ ಉಪಯೋಗ, ವಾರ್ಡಿನಲ್ಲಿ ನಿಲ್ಲುವವರಿಗೆ ಅಷ್ಟಾಗಿ ಇಲ್ಲ.

ಎಲ್ಲ ವಿಚಾರಿಸಿಯೂ ತಕ್ಕಡಿ ಸಮ ನಿಂತರೆ? ಹಾಗೂ ಆಗುತ್ತದೆ. ಆಗ ಒಟ್ಟು ಸಾಲ ಕಡಿಮೆ ಇರುವ ಕಡೆ ಹೋಗಿ. ಆಸ್ಪತ್ರೆ ಹತ್ತಿರವಿದೆ ಎಂಬುದೂ ಸಣ್ಣ ಕಾರಣವಲ್ಲ, ಬೆಳಗ್ಗಿನ ರೌಂಡ್ಸು ಯಾರಿಗೂ ಕಾಯುವುದಿಲ್ಲ. ಕಾಲೇಜಿನವರು ಬಾಯಲ್ಲಿ ಹೇಳಿದ್ದನ್ನೆಲ್ಲ ಅದೇ ದಿನ ಅವರಿಗೆ ಇಮೇಲ್ ಬರೆದು 'ನೀವು ಹೀಗೆ ಹೇಳಿದಿರಿ, ಸರಿಯೇ?' ಎಂದು ಖಚಿತ ಮಾಡಿಕೊಳ್ಳಿ. ಬೇಡವೆಂದು ಹಿಂದೆ ಸರಿದರೆ ಯಾವ ದಿನದವರೆಗೆ ಎಷ್ಟು ಹಣ ವಾಪಸು, ಮೂಲ ಅಂಕಪಟ್ಟಿ ಎಷ್ಟು ದಿನದಲ್ಲಿ ಕೈಗೆ ಬರುತ್ತದೆ, ಈ ಎರಡು ಉತ್ತರ ಬರಹದಲ್ಲಿ ಸಿಗುವವರೆಗೆ ಮೂಲ ಪ್ರಮಾಣಪತ್ರಗಳನ್ನು ಒಪ್ಪಿಸಬೇಡಿ. ಮತ್ತೆ ಬೇಡವೆಂದ ಕಾಲೇಜಿಗೆ ಒಂದು ಸಾಲಿನ ಪತ್ರ ಬರೆದು ತಡಮಾಡದೆ ಸೀಟು ಬಿಟ್ಟುಕೊಡಿ, ಅಲ್ಲಿ ಕಾಯುವ ಪಟ್ಟಿಯಲ್ಲಿ ಯಾರೋ ಇದ್ದಾರೆ.