ನಿಧಾನ ಇರೋದು ಡ್ರೈವ್ ಅಲ್ಲ, ತಂತಿ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, “ಆ 1541 ಡಬ್ಬಾನ ಗುಜರಿಗೆ ಹಾಕಿ ಸಾರ್, ಎಸ್‌ಡಿ ಕಾರ್ಡ್ ಹಾಕ್ಕೊಳ್ಳಿ, ನಿಮ್ಮ ಕಮೊಡೋರ್ 64 ಹಾರಿಕೊಂಡು ಹೋಗುತ್ತೆ” ಅಂತ. ಇದಕ್ಕೆ ಲೈಕ್ ಒತ್ತಿದವರು ಬೇರೆ! ಇವತ್ತು ಇದನ್ನ ಇತ್ಯರ್ಥ ಮಾಡೇಬಿಡೋಣ. 1541 ಅಂದ್ರೆ 1980ರ ದಶಕದ ಕಮೊಡೋರ್ 64 ಮನೆ ಕಂಪ್ಯೂಟರಿಗೆ ಸಿಕ್ಕಿಸೋ ಫ್ಲಾಪಿ ಡಿಸ್ಕ್ ಡ್ರೈವ್. ಆ ಡ್ರೈವ್ ನಿಧಾನ ಅಲ್ಲ. ಡ್ರೈವಿಗೂ ಕಂಪ್ಯೂಟರಿಗೂ ನಡುವೆ ಇರೋ ತಂತಿ ಮೇಲಿನ ಮಾತುಕತೆ ನಿಧಾನ.

ಲೆಕ್ಕ ಹಾಕಿ. ಡಿಸ್ಕ್ ನಿಮಿಷಕ್ಕೆ 300 ಸುತ್ತು, ಅಂದ್ರೆ ಸೆಕೆಂಡಿಗೆ 5. ಹೊರಗಿನ ಟ್ರ್ಯಾಕಲ್ಲಿ 21 ಸೆಕ್ಟರ್, ಒಂದೊಂದರಲ್ಲಿ 256 ಬೈಟ್. ಗುಣಿಸಿ. ಸೆಕೆಂಡಿಗೆ 26,000ಕ್ಕೂ ಹೆಚ್ಚು ಬೈಟ್ ಹೆಡ್ಡಿನ ಕೆಳಗೆ ಹಾದುಹೋಗ್ತಿದೆ. ಕಂಪ್ಯೂಟರಿಗೆ ತಲುಪೋದೆಷ್ಟು? ಸುಮಾರು 400. ನಾನೂರು ಕಣ್ರೀ! 40 ಕೆಬಿ ಆಟಕ್ಕೆ ಒಂದೂಮುಕ್ಕಾಲು ನಿಮಿಷ ಕಾಯಬೇಕು. ತುಂಬಿದ ಕೆರೆಗೆ ಸ್ಟ್ರಾ ಹಾಕಿ ಹೀರಿ, ಕೆರೇಲಿ ನೀರೇ ಇಲ್ಲ ಅಂದಹಾಗಾಯ್ತು.

ಈ ಗತಿ ಬಂದಿದ್ದು ಹೇಗೆ? 64ಕ್ಕಿಂತ ಮುಂಚಿನ ಕಮೊಡೋರ್ ಕಂಪ್ಯೂಟರ್ ವಿಕ್-20 ಮಾಡುವಾಗ, ಬಿಟ್‌ಗಳನ್ನ ಸಾಲಾಗಿ ಕಳಿಸೋ ಕೆಲಸ 6522 ಚಿಪ್ ನೋಡಿಕೊಳ್ಳಲಿ ಅಂತಿತ್ತು. ಆ ಚಿಪ್ಪಲ್ಲಿ ಬಿಟ್ ಸಾಲಾಗಿ ತಳ್ಳೋ ಭಾಗ, ಅಂದ್ರೆ ಶಿಫ್ಟ್ ರಿಜಿಸ್ಟರಲ್ಲೇ ದೋಷ! ಕೊನೆಗೆ ಸಾಫ್ಟ್‌ವೇರೇ ಒಂದೊಂದು ಬಿಟ್ಟನ್ನ ಕೈಹಿಡಿದು ದಾಟಿಸಬೇಕಾಯ್ತು. 1982ರಲ್ಲಿ 64 ಬಂದಾಗ ಅದರೊಳಗೆ ಸರಿಯಾದ ಚಿಪ್ ಇತ್ತು, ಆದ್ರೂ ಹಳೇ ಪದ್ಧತಿನೇ ಉಳೀತು. ಸಾಲದ್ದಕ್ಕೆ, ಚಿತ್ರ ಮೂಡಿಸೋ ವಿಕ್-2 ಚಿಪ್ ಪ್ರತಿ ಎಂಟನೇ ಗೆರೆಗೆ ಪ್ರೊಸೆಸರನ್ನ ತಡೆದು ನಿಲ್ಲಿಸುತ್ತೆ. ಅದಕ್ಕೆ ಹೊಂದಲಿ ಅಂತ 1541ನ್ನ ಅದರ ಅಣ್ಣ 1540ಗಿಂತ ಬೇಕಂತಲೇ ನಿಧಾನ ಮಾಡಿದ್ರು. ಹೇಳಿ, ಡ್ರೈವ್ ತಪ್ಪೇನಿದೆ?

ಅದರೊಳಗೆ 6502 ಪ್ರೊಸೆಸರ್ ಇದೆ, 2 ಕೆಬಿ ರ‍್ಯಾಮ್ ಇದೆ. ಅದೇ ಒಂದು ಕಂಪ್ಯೂಟರ್ ಸ್ವಾಮಿ! ಲೋಡಿಂಗ್ ಬೇಗ ಮುಗಿಸೋ ಸಾಫ್ಟ್‌ವೇರ್, ಅಂದ್ರೆ ಫಾಸ್ಟ್‌ಲೋಡರ್, ಮಾಡೋದಿಷ್ಟೇ: ತನ್ನ ಚಿಕ್ಕ ಪ್ರೋಗ್ರಾಂ ಒಂದನ್ನ ಡ್ರೈವಿನ ರ‍್ಯಾಮಿಗೆ ಇಳಿಸಿ, ಹಳೇ ಪದ್ಧತಿ ಬಿಡಿಸುತ್ತೆ. ಕ್ಲಾಕ್ ಲೈನಲ್ಲೂ ಡೇಟಾ ಹರಿಸಿ, ಒಂದರ ಜಾಗದಲ್ಲಿ ಎರಡು ಬಿಟ್ ಕಳಿಸೋ ಲೋಡರ್‌ಗಳಿವೆ. ವಿಕ್-2 ಅಡ್ಡ ಬರಬಾರದು ಅಂತ ಎಷ್ಟೋ ಲೋಡರ್‌ಗಳು ಅಷ್ಟು ಹೊತ್ತು ಪರದೆಯನ್ನೇ ಆರಿಸಿಬಿಡ್ತವೆ. 1984ರ ಎಪಿಕ್ಸ್ ಫಾಸ್ಟ್‌ಲೋಡ್ ಕಾರ್ಟ್ರಿಜ್ ಚುಚ್ಚಿದ್ರೆ ಐದು ಪಟ್ಟಿನವರೆಗೂ ವೇಗ. ಅದೇ ಡಿಸ್ಕ್, ಅದೇ ಮೋಟಾರ್, ಅದೇ ಕೇಬಲ್! ಇನ್ನೂ ಬೇಕು ಅಂದ್ರೆ ವೇಗದ ಲೋಡಿಂಗ್ ಚಿಪ್ಪಲ್ಲೇ ತುಂಬಿರೋ ಜಿಫಿಡಾಸ್ ಇದೆ, ಕಂಪ್ಯೂಟರಲ್ಲೊಂದು ಡ್ರೈವಲ್ಲೊಂದು ರೋಮ್ (ROM) ಚಿಪ್ ಬದಲಾಯಿಸಿದ್ರೆ ಮುಗೀತು.

ಈಗ ನಿಮ್ಮ ಎಸ್‌ಡಿ ಕಾರ್ಡ್ ಕಥೆಗೆ ಬರೋಣ. ಹಾಕಿ, ಯಾರು ಬೇಡ ಅಂದ್ರು? ಡ್ರೈವಿನ ಜಾಗದಲ್ಲಿ ಎಸ್‌ಡಿ ಕಾರ್ಡ್ ಓದೋ ಸಾಧನ ಎಸ್‌ಡಿ2ಐಇಸಿನ ಫಾಸ್ಟ್‌ಲೋಡರ್ ಇಲ್ಲದೆ ಸಿಕ್ಕಿಸಿ ಒಂದು ಆಟ ಲೋಡ್ ಮಾಡಿ ನೋಡಿ. ತಿರುಗೋ ಡಿಸ್ಕಿಲ್ಲ, ಮೋಟಾರಿಲ್ಲ, ಆದ್ರೂ ಹೆಚ್ಚೂಕಮ್ಮಿ ಅದೇ ವೇಗ! ಯಾಕೆ? ತಂತಿ! ಎಸ್‌ಡಿ2ಐಇಸಿ ಒಳಗೆ 6502 ಬೇರೆ ಇಲ್ಲ, ಹಾಗಾಗಿ ಡ್ರೈವಲ್ಲೇ ಕೋಡ್ ಓಡಿಸೋ ಎಷ್ಟೋ ಆಟಗಳು ಮಿಸುಕಾಡೋದೂ ಇಲ್ಲ. ಹಳೇ ವಸ್ತು ಅಂದ್ರೆ ಹಾಗೇ ಬಿಡಿ ಅಂತೀರಾ? ಹಾಗೇ ಅಲ್ಲ! ತಂತಿ ಕಣ್ರೀ, ತಂತಿ!

ಮುಂದಿನ ವಾರ ಕ್ಯಾಮೆರಾ ಮುಂದೆನೇ 1541 ಬಿಚ್ಚಿ ಜಿಫಿಡಾಸ್ ಚಿಪ್ ಕೂರಿಸ್ತೀನಿ, ಪಕ್ಕದಲ್ಲಿ ಸ್ಟಾಪ್‌ವಾಚ್ ಇಟ್ಟೇ ಲೋಡ್ ಮಾಡ್ತೀನಿ. ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗಲೇ ಮಾಡಿ, ಗಂಟೆನೂ ಒತ್ತಿ. ಲೈಕ್ ಒತ್ತಿದ್ರಲ್ಲ, ನೀವೂ ಬನ್ನಿ.